ಲೋಕಪ್ಪ ಪಕ್ಕದ ಬಂಡೆಗೆ ತೆವಳಿದ ದಿನ

ಅಂಜನಾಪುರದ ಲೋಕಪ್ಪ ಇಪ್ಪತ್ತನೇ ವಯಸ್ಸಿಗೆ ಮನೆಯ ಕುರಿಹಿಂಡನ್ನು ತಮ್ಮನಿಗೆ ಒಪ್ಪಿಸಿ ಸೈನ್ಯ ಸೇರಿದವನು. ಕಾರ್ಗಿಲ್ ಯುದ್ಧದ ಹೊತ್ತಿಗೆ ಅವನಿಗೆ ಇಪ್ಪತ್ತಾರು. ಪದಾತಿದಳದ ಒಂದು ತುಕಡಿಯಲ್ಲಿ ಮೆಷಿನ್ ಗನ್ ಅವನ ಪಾಲಿಗಿತ್ತು. ಅದೇ ತುಕಡಿಗೆ ಸೊರಬದ ಜಡೆಯಿಂದ ಪರಮಶಿವಪ್ಪನೆಂಬ ಹೊಸ ಜವಾನ ಬಂದಿದ್ದ. ಪಕ್ಕದ ತಾಲೂಕಿನವನೆಂದು ಲೋಕಪ್ಪನಿಗೆ ಅವನಲ್ಲಿ ಸಲಿಗೆ.

ಜೂನ್ ತಿಂಗಳ ಒಂದು ಬೆಳಗ್ಗೆ ಗುಡ್ಡ ಹತ್ತುತ್ತಿದ್ದಾಗ ಮಂಜು ಇದ್ದಕ್ಕಿದ್ದಂತೆ ಸರಿಯಿತು. ಮೇಲಿನ ಬಂಕರಿನಿಂದ ಗುಂಡು ಸುರಿಯತೊಡಗಿತು. ಎಲ್ಲರೂ ಸಿಕ್ಕ ಬಂಡೆಯ ಮರೆಗೆ ಬಿದ್ದರು. ನಾಲ್ವರು ಎಡಗಡೆಯಿಂದ ಸುತ್ತಿ ಬಂಕರ್ ಮುಟ್ಟಬೇಕು, ಅಲ್ಲಿಯವರೆಗೆ ಉಳಿದವರು ಗುಂಡು ಹಾರಿಸುತ್ತಲೇ ಇದ್ದು ಶತ್ರು ತಲೆ ಎತ್ತದಂತೆ ನೋಡಿಕೊಳ್ಳಬೇಕು ಎಂದು ಹವಾಲ್ದಾರ ಕೂಗಿದ.

ಪರಮಶಿವಪ್ಪ ಮರೆಯಾಗಿದ್ದ ಬಲಗಡೆಯ ಬಂಡೆಯಿಂದ ಮಾತ್ರ ಸದ್ದಿಲ್ಲ. ಅವನು ಸತ್ತೇಹೋದನೆಂದು ಲೋಕಪ್ಪ ಎಣಿಸಿದ. ಗನ್ ಎಳೆದುಕೊಂಡು ಹತ್ತು ಮಾರು ತೆವಳಿ ಹೋದ. ನೋಡಿದರೆ ಅವನು ಮುಖವನ್ನು ನೆಲಕ್ಕೊತ್ತಿ ನಡುಗುತ್ತಿದ್ದ.

“ಗುಂಡು ಬಿದ್ದೈತೇನಲೇ?”

“ಇಲ್ಲಣ್ಣ. ಕೈ ಮೇಲೇಳ್ತಿಲ್ಲ. ನಂಗೆ ಆಗಲ್ಲ.”

ಲೋಕಪ್ಪ ಬೈಯಲಿಲ್ಲ. ಹೆದರಿಕೆ ತನಗೂ ಇತ್ತು. “ಆಗದಿದ್ರೆ ಬಿಡು, ನೀ ಹೊಡೀಬ್ಯಾಡ. ಖಾಲಿ ಮ್ಯಾಗಜೀನಿಗೆ ಗುಂಡು ತುಂಬಿ ತುಂಬಿ ಕೊಡು, ಅಷ್ಟು ಸಾಕು” ಎಂದ.

ಮೊದಲ ಮ್ಯಾಗಜೀನ್ ತುಂಬುವಾಗ ಅರ್ಧ ಗುಂಡುಗಳು ಕಲ್ಲಿನ ಮೇಲೆ ಚೆಲ್ಲಿದವು. ಮೂರನೆಯದರ ಹೊತ್ತಿಗೆ ನಡುಕ ತಗ್ಗಿತು. ಐದನೆಯದನ್ನು ಕೊಡಲು ಕೈ ಚಾಚಿದಾಗ ಲೋಕಪ್ಪನ ತೊಡೆಗೆ ಗುಂಡು ಹೊಕ್ಕಿತು, ಗನ್ ನಿಂತಿತು. ಎಡಗಡೆಯ ನಾಲ್ವರು ಆಗ ಮರೆಯೇ ಇಲ್ಲದ ಇಳಿಜಾರಿನಲ್ಲಿದ್ದರು. ಪರಮಶಿವಪ್ಪ ಲೋಕಪ್ಪನನ್ನು ಪಕ್ಕಕ್ಕೆ ಸರಿಸಿ ತಾನೇ ಗನ್ ಹಿಡಿದ. ಬಂಕರ್ ಕೈವಶವಾಗುವವರೆಗೆ ನಿಲ್ಲಿಸಲಿಲ್ಲ. ಆಮೇಲೆ ಲೋಕಪ್ಪನನ್ನು ಬೆನ್ನಿಗೆ ಹಾಕಿಕೊಂಡು ಐದು ಗಂಟೆ ಗುಡ್ಡ ಇಳಿದ.

ಕೆಳಗೆ ಪರಮಶಿವಪ್ಪನ ರೈಫಲ್ ನೋಡಿದ ಹವಾಲ್ದಾರ, ಇದರಿಂದ ಒಂದು ಗುಂಡೂ ಹಾರಿಲ್ಲವಲ್ಲ ಎಂದು ಗದರಿದ. ಸ್ಟ್ರೆಚರ್ ಮೇಲಿದ್ದ ಲೋಕಪ್ಪ, ಮ್ಯಾಗಜೀನ್ ತುಂಬಲು ಅವನನ್ನು ಇಟ್ಟುಕೊಂಡವನು ತಾನೇ ಎಂದ. ಮಾತು ಅಲ್ಲಿಗೆ ಮುಗಿಯಿತು.

ಈಗ ಲೋಕಪ್ಪ ಊರಿನಲ್ಲೇ ಗದ್ದೆ, ಕುರಿ ನೋಡಿಕೊಂಡಿದ್ದಾನೆ. ನಡೆಯುವಾಗ ಕಾಲು ತುಸು ಎಳೆಯುತ್ತದೆ. ಕಳೆದ ವರ್ಷ ಅವನ ಮಗಳು ಸುಷ್ಮಿತಾಳ ಮದುವೆಗೆ ಪರಮಶಿವಪ್ಪ ಬಂದಿದ್ದ. ಅವನೀಗ ಸುಬೇದಾರನಾಗಿ ನಿವೃತ್ತನಾಗಿದ್ದಾನೆ. ಊಟದ ಪಂಕ್ತಿಯಲ್ಲಿ ಕೂತು, ಬೀಗರೆಲ್ಲ ಕೇಳುವಂತೆ, ಇದಿಷ್ಟನ್ನೂ ಅವನೇ ಹೇಳಿದ.

ಲೋಕಪ್ಪನ ಹೆಂಡತಿ ದುರುಗಮ್ಮ ಗಂಡನತ್ತ ತಿರುಗಿ, “ಇಷ್ಟು ವರ್ಷ ನನಗೂ ಹೇಳ್ಲಿಲ್ವಲ್ರೀ!” ಎಂದಳು.

“ಅವನು ಹೆದರಿದ್ದನ್ನ ನಾ ಹೆಂಗೆ ಹೇಳ್ಲಿ? ಅದು ಅವನೇ ಹೇಳ್ಬೇಕಾದ ಮಾತು” ಎಂದ ಲೋಕಪ್ಪ, ಬಡಿಸುವವನನ್ನು ಕರೆದು ಗೆಳೆಯನ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿದ.