ಯಂಕಣ್ಣ ಮಾಸ್ತರರ ಬೆಳ್ಳುಳ್ಳಿ ಪಟ್ಟಿ

ಹುಣಸಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಯಂಕಣ್ಣ ಮಾಸ್ತರರಿಗೆ ತಮ್ಮ ಬುದ್ಧಿಯ ಮೇಲೆ ಬಹಳ ಅಭಿಮಾನ. ಆ ವಾರವಂತೂ ಅದಕ್ಕೆ ಕೊಂಬು ಮೂಡಿತ್ತು. ಗಾಜಿನ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯಲು ಬಿಟ್ಟು, ನಡುವೆ ಜಜ್ಜಿದ ಬೆಳ್ಳುಳ್ಳಿಯ ರಸ ಹಾಕಿದ್ದರು. ತಟ್ಟೆಯೆಲ್ಲ ಮಸುಕಾದರೂ ರಸದ ಸುತ್ತ ಮಾತ್ರ ಸ್ವಚ್ಛ! ಪ್ರಾರ್ಥನೆಗೆ ನಿಂತ ಇಡೀ ಶಾಲೆಗೆ ತಟ್ಟೆ ಎತ್ತಿ ತೋರಿಸಿದರು.

"ನೋಡ್ರೆಪಾ, ಬಳ್ಳೊಳ್ಳಿ ಮುಂದ ಒಂದು ಕ್ರಿಮಿನೂ ಉಳಿದಿಲ್ಲ!"

ಅಷ್ಟಕ್ಕೇ ನಿಂತಿದ್ದರೆ ಅವರು ಯಂಕಣ್ಣ ಮಾಸ್ತರರೇ ಅಲ್ಲ. ಹೊಲದಲ್ಲಿ ಜಾಲಿ ಮುಳ್ಳು ಚುಚ್ಚಿ ಅವರ ಹಿಮ್ಮಡಿಯಲ್ಲಿ ಕೀವಾಗಿತ್ತು. "ಮನ್ಯಾಗ ಔಷಧ ಇಟ್ಗೊಂಡು ದವಾಖಾನಿ ಯಾಕ?" ಎಂದು ಹೆಂಡತಿ ಕರೆಮ್ಮನ ಬಾಯಿ ಮುಚ್ಚಿಸಿ, ಹಸಿ ಬೆಳ್ಳುಳ್ಳಿ ಜಜ್ಜಿ ಗಾಯಕ್ಕಿಟ್ಟು, ಪಟ್ಟಿ ಬಿಗಿದು ಮಲಗಿದರು. ಉರಿ ಹತ್ತಿದಾಗ ಕ್ರಿಮಿಗಳು ಸಾಯುತ್ತಿವೆ ಎಂದು ಖುಷಿಪಟ್ಟರು. ಬೆಳಿಗ್ಗೆ ಬಿಚ್ಚಿದರೆ ಹಿಮ್ಮಡಿ ಸುಟ್ಟ ಹಪ್ಪಳದ ಹಾಗೆ ಗುಳ್ಳೆ ಎದ್ದಿತ್ತು. ಇಂಥ ವಿಜ್ಞಾನಿಯನ್ನು ಹುಣಸಗಿಯಲ್ಲೇ ಕೊಳೆಯಲು ಬಿಟ್ಟಿದ್ದಾರಲ್ಲ ಎಂದು ತಮ್ಮನ್ನೇ ಹಂಗಿಸಿಕೊಂಡು, ಗುಟ್ಟಾಗಿ ಸುರಪುರದ ಆಸ್ಪತ್ರೆಗೆ ಹೋಗಿಬಂದರು. ಕುಂಟುವುದನ್ನು ಕಂಡು ಕೇಳಿದವರಿಗೆಲ್ಲ ಕಾಲು ಉಳುಕಿದೆ ಎಂದರು.

ಮರುದಿನ ಮಧ್ಯಾಹ್ನ ಬಿಸಿಯೂಟದ ಅಡುಗೆಯ ದುರಗಮ್ಮ ಬಂದಳು. ಪ್ರಯೋಗಕ್ಕೆ ಬೆಳ್ಳುಳ್ಳಿ ಸುಲಿದುಕೊಟ್ಟವಳು ಅವಳೇ.

"ಸರ, ಕಾಲಬೆರಳಿಗೆ ಗಾಯ ಆಗ್ಯಾದ್ರಿ. ಶುಗರ್ ಬ್ಯಾರೆ ಅದ. ಸುರಪುರದ ದವಾಖಾನಿಗೆ ಹೋಗು ಅಂತಾರ, ನಾ ಒಲ್ಲೆ ಅಂದೀನಿ. ನಿಮ್ಮ ಬಳ್ಳೊಳ್ಳಿನೇ ಕಟ್ಕೊಂತೀನ್ರಿ."

ಮಾಸ್ತರರು ತಮ್ಮ ಹಿಮ್ಮಡಿಯನ್ನು ನೆನೆದರು. ಸಕ್ಕರೆ ಕಾಯಿಲೆಯವಳ ಕಾಲು ಹೀಗೆ ಸುಟ್ಟರೆ ಬೆರಳೇ ಹೋದೀತು. ಬೇಡ ಎಂದು ಬರಿ ಬಾಯಲ್ಲಿ ಹೇಳಿದರೆ ಅವಳು ಕೇಳುವವಳಲ್ಲ. ತಟ್ಟೆಯನ್ನು ಕಣ್ಣಾರೆ ನೋಡಿದ್ದಾಳೆ. ಸುತ್ತ ಮಕ್ಕಳು ಊಟಕ್ಕೆ ಕುಳಿತಿದ್ದರು. ತೋರಿಸಿದರೆ ಮರ್ಯಾದೆ ಹೋಗುತ್ತದೆ. ಇದ್ದದ್ದಾದರೂ ಎಷ್ಟು ಎಂದುಕೊಂಡು ಮಾಸ್ತರರು ಕಟ್ಟೆಯ ಮೇಲೆ ಕುಳಿತು, ಕಾಲುಚೀಲ ತೆಗೆದು, ಪಟ್ಟಿ ಬಿಚ್ಚಿದರು.

"ನೋಡವಾ ದುರಗಮ್ಮ, ಇದು ನನ್ನ ಬಳ್ಳೊಳ್ಳಿ ಮಾಡಿದ್ದು. ಆ ತಾಟಿನ್ಯಾಗ ಬರೇ ಕ್ರಿಮಿ ಇದ್ದವು. ಕಾಲಿನ್ಯಾಗ ನಾನೂ ಇದ್ದೆ."

ದುರಗಮ್ಮ ಸೆರಗು ಬಾಯಿಗೊತ್ತಿ ನಕ್ಕಳು. ಮಕ್ಕಳು ಅನ್ನ ಬಿಟ್ಟು ನಕ್ಕರು. ಮಾಸ್ತರರು ನಾಚಿಕೆಯಿಂದ ಕೆಂಪಾಗಿ, ತಾವೂ ನಕ್ಕರು. ನಗು ನಿಂತ ಮೇಲೆ ಅವಳು ತನ್ನ ಕಾಲಬೆರಳನ್ನು ಒಮ್ಮೆ ನೋಡಿಕೊಂಡಳು.

"ಸುರಪುರದ ಬಸ್ ಎಷ್ಟಕ್ಕ ಬರ್ತಾದ್ರಿ, ಸರ?"