ಬಾಣಂತಿಯರಿಬ್ಬರ ಕೂದಲು

ಆ ನಾಯಿ ಕಪ್ಪಗಿತ್ತೆಂದು ನನ್ನ ನೆನಪು. ಅಕ್ಕ ಕಂದು ಎನ್ನುತ್ತಾಳೆ. ಕಾಕಾ ಇರುವವರೆಗೂ, ಅದಕ್ಕೆ ಬಣ್ಣವೆಲ್ಲಿತ್ತು, ಬರೀ ಚರ್ಮವಿತ್ತು ಎಂದು ವಾದಿಸಿದರು. ಬಣ್ಣದ ವಿಷಯದಲ್ಲಿ ನಾನು ಸೋಲಲು ಸಿದ್ಧ. ಕಾಕಾ ಹೇಳಿದ ಉಳಿದ ಯಾವ ಮಾತನ್ನೂ ಆಗಲೂ ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ.

ಅವು ಎರಡನೆಯ ಮಹಾಯುದ್ಧದ ವರ್ಷಗಳು. ಹೈದರಾಬಾದಿನಲ್ಲಿ ಜೀವಶಾಸ್ತ್ರವನ್ನು ಉರ್ದುವಿನಲ್ಲಿ ಓದಿ ಮುಗಿಸಿ, ಕೆಲಸ ಸಿಗದೆ, ಇರಕಲ್ಲಗಡದಾಚೆಯ ನಮ್ಮ ಊರಿಗೆ ಮರಳಿದ್ದೆ. ಕೂತಲ್ಲಿ ಕೂರಲಾಗದೆ ಕೊಪ್ಪಳಕ್ಕೂ ಮನೆಗೂ ಸುಮ್ಮನೆ ತಿರುಗುತ್ತಿದ್ದೆ. ಅಕ್ಕ ಮೊದಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಕೂಸಿನ ಕುತ್ತಿಗೆ ಆಗಷ್ಟೇ ನಿಂತಿತ್ತು. ಅದೇ ಕಾಲಕ್ಕೆ ಮನೆಯ ನಾಯಿ ದನದ ಕೊಟ್ಟಿಗೆಯಲ್ಲಿ ಮರಿ ಹಾಕಿತ್ತು. ಮರಿಗಳು ಕಣ್ಣು ಬಿಟ್ಟು, ಅಂಗಳದಲ್ಲಿ ಉರುಳಾಡಿ, ಹಸಿವಾದಾಗ ತಾಯಿಯ ಮೇಲೆ ಬೀಳುತ್ತಿದ್ದವು.

ಆಗ ನಾಯಿಯ ಕೂದಲು ಉದುರತೊಡಗಿತು. ಮೊದಲು ಹೊಟ್ಟೆ, ಪಕ್ಕೆ, ಆಮೇಲೆ ತೊಡೆ, ಬಾಲ. ಅಂಗಳ ಗುಡಿಸಿದರೆ ಕಸಕ್ಕಿಂತ ಕೂದಲೇ ಹೆಚ್ಚು.

ಕಾರಣ ಎಲ್ಲರಿಗೂ ಗೊತ್ತಿತ್ತು. ಅಕ್ಕ ಮಲಗುವ ಹಗ್ಗದ ಹೊರಸಿನ ಕೆಳಗೆ ಇಡುವ ಕೆಂಡದ ಹತ್ತಿರ ಮಲಗಿ ಮೈಗೆ ಉಷ್ಣವೇರಿದೆ ಎಂದು ಅವ್ವ ಹೇಳಿದಳು. ಪಕ್ಕದ ಮನೆಯ ಅಜ್ಜಿ ಹಾವು ಮೂಸಿದೆ ಎಂದಳು. ಕಾಕಾ ಮಾತ್ರ ಹುರುಕು ಎಂದರು. ಹೇಳಿ ಸುಮ್ಮನಿರಲಿಲ್ಲ. ಗಂಗಾವತಿಯಿಂದ ಅಕ್ಕಿ ತರಲು ಹೋದವರು ಗಿರಣಿಯ ಎಂಜಿನ್ನಿನಿಂದ ಬಸಿದ, ಸುಟ್ಟು ಕಪ್ಪಾದ ಎಣ್ಣೆಯನ್ನು ಒಂದು ಡಬ್ಬಿ ತುಂಬ ತಂದರು. ಹುರುಕು ಹತ್ತಿದ ನಾಯಿಗೆ ನಮ್ಮ ಕಡೆ ಅದೇ ಔಷಧ.

"ಇವತ್ತು ನಾಯಿಗೆ, ನಾಳಿ ಕೂಸಿಗೆ," ಎಂದರು. "ಎಣ್ಣಿ ಹಚ್ಚಾಕ ಬಿಟ್ರ ಛಲೋ. ಇಲ್ಲಂದ್ರ ಮರಿ ಸಮೇತ ಗುಡ್ಡಕ್ಕ ಒಯ್ದು ಬಿಟ್ಟು ಬರ್ತೀನಿ."

ಗುಡ್ಡದಲ್ಲಿ ತೋಳಗಳಿದ್ದವು. ಬಿಟ್ಟು ಬರುವುದೆಂದರೆ ಏನೆಂದು ಯಾರೂ ಕೇಳಬೇಕಿರಲಿಲ್ಲ.

ಅಕ್ಕ ಕೂಸನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಬಂದಳು. "ಎಣ್ಣಿ ಹಚ್ಚಿದ್ರ ಅದು ಮೈ ನೆಕ್ಕಂಗಿಲ್ಲೇನ್ರಿ? ಮರಿ ಅದರ ಮೊಲಿ ಕುಡಿಯಂಗಿಲ್ಲೇನು? ಒಂದೂ ಉಳಿಯಂಗಿಲ್ಲ."

"ಓದಿದಾಂವ ಅದಾನಲ್ಲ, ಕೇಳು," ಎಂದು ಕಾಕಾ ನನ್ನ ಕಡೆ ತಿರುಗಿದರು.

ನಾನು ಕಾಲೇಜಿನ ದಿನಗಳ ಭೂತಗನ್ನಡಿ ತಂದು ನಾಯಿಯ ಪಕ್ಕ ಕೂತೆ. ಹುರುಕಾಗಿದ್ದರೆ ಅದು ಬಿಡದೆ ತುರಿಸಿಕೊಳ್ಳಬೇಕು. ಕಿವಿಯಂಚಿನಲ್ಲಿ, ಮೊಣಕೈಯಲ್ಲಿ ಹೊಪ್ಪಳೆ ಏಳಬೇಕು. ಮೈಗೆ ಮೈ ತಾಗಿಸಿ ಮಲಗುವ ಮರಿಗಳಿಗೂ ಹತ್ತಬೇಕು. ಇದು ತುರಿಸಿಕೊಳ್ಳುತ್ತಿರಲಿಲ್ಲ. ಚರ್ಮ ನಯವಾಗಿತ್ತು. ಮರಿಗಳು ಗುಂಡಗಿದ್ದವು, ತಾಯಿಯ ಪಕ್ಕೆಲುಬುಗಳು ಮಾತ್ರ ಎದ್ದು ಕಾಣುತ್ತಿದ್ದವು.

"ಏನ ಐತಿ?" ಅಕ್ಕ ಕೇಳಿದಳು.

"ಏನೂ ಕಾಣವಲ್ದು."

"ಹಂಗಂದ್ರ ಹುರುಕಲ್ಲ ಅನ್ನು."

"ಕಾಣಲಿಲ್ಲಂದ್ರ ಇಲ್ಲ ಅನ್ನಾಕ ಬರೂದಿಲ್ಲ. ಕೆಲವು ನುಸಿ ಚರ್ಮದ ಒಳಗ ಇರ್ತಾವು."

"ಇಷ್ಟು ಹೇಳಾಕ ಹೈದರಾಬಾದಿಗೆ ಹೋಗಿದ್ದೇನು?"

ಕಾಕಾ ನಕ್ಕು ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಿದರು. ಆಗ ಅಕ್ಕ ಮಾಡಿದ್ದನ್ನು ನಮ್ಮ ಮನೆಯಲ್ಲಿ ಯಾವ ಬಾಣಂತಿಯೂ ಮಾಡಿರಲಿಲ್ಲ. ಕೂಸನ್ನು ನನ್ನ ಕೈಗೆ ಕೊಟ್ಟು, ಗಾಳಿ ತಾಗದಂತೆ ತಲೆಗೆ ಬಿಗಿದಿದ್ದ ಅರಿವೆಯನ್ನು ಗಂಡಸರೆದುರೇ ಬಿಚ್ಚಿದಳು. ಹಣೆಯ ಎರಡೂ ಬದಿ ಬೋಳಾಗಿತ್ತು. ಕೂದಲೊಳಗೆ ಬೆರಳಾಡಿಸಿ, ಕೈಗೆ ಬಂದ ಹಿಡಿ ಕೂದಲನ್ನು ಕಾಕಾನ ಮುಂದೆ ಚಾಚಿದಳು. ಅವ್ವನಿಗೂ ಅದು ಗೊತ್ತಿರಲಿಲ್ಲ.

"ನನಗೂ ಉದುರಾಕತ್ತಾವು. ಕೂಸು ನನ್ನನ್ನೂ ಹೀರತೈತಿ, ಮರಿ ಅದನ್ನೂ ಹೀರತಾವು. ಮೊದಲ ನನಗ ಹಚ್ರಿ ಕಾಕಾ, ಆಮ್ಯಾಲ ಅದಕ್ಕ. ಗುಡ್ಡಕ್ಕ ಒಯ್ಯೂದಾದ್ರೂ ಇಬ್ಬರನ್ನೂ ಒಯ್ರಿ."

"ಹುಚ್ಚಿ, ತಲಿ ಮುಚ್ಚಿಕೊ," ಎಂದಳು ಅವ್ವ.

"ಮುಚ್ಚಂಗಿಲ್ಲ. ಕಾಕಾನ ತಲಿ ರುಮಾಲಿನ ಒಳಗ ಹೆಂಗೈತಿ ಊರಿಗೇ ಗೊತ್ತೈತಿ. ನಿಮಗ ಯಾವ ನಾಯಿ ಅಂಟಿಸ್ತ್ರಿ?"

ಅವ್ವ ಸೆರಗು ಬಾಯಿಗಿಟ್ಟುಕೊಂಡಳು. ಕಾಕಾ ರುಮಾಲು ಮುಟ್ಟಿ ನೋಡಿಕೊಂಡರು. ಆ ಸಂದಿನಲ್ಲಿ ನಾನು ನನ್ನ ಷರತ್ತುಗಳನ್ನು ತೂರಿಸಿದೆ: ಮರಿ ಹಾಲು ಬಿಡುವವರೆಗೆ ಎಣ್ಣೆ ಬೇಡ, ನಾಯಿ ಕೊಟ್ಟಿಗೆ ಬಿಟ್ಟು ಕೂಸಿನ ಅರಿವೆಯ ಹತ್ತಿರ ಬರಬಾರದು, ಹೊಪ್ಪಳೆ ಎದ್ದರೆ ಗಂಧಕವನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ನಾನೇ ಹಚ್ಚುತ್ತೇನೆ.

"ಗಂಧಕಾನೂ ಬ್ಯಾಡ," ಎಂದಳು ಅಕ್ಕ. ಕಾಕಾ ಡಬ್ಬಿ ತೆರೆಯದೆ ಮೂಲೆಗೆ ಸರಿಸಿದರು.

ಅಂದಿನಿಂದ ಅವಳು ತನ್ನ ಪಾಲಿನ ಹಾಲಿನಲ್ಲಿ ಅರ್ಧವನ್ನು ಜೋಳದ ನುಚ್ಚಿಗೆ ಸುರಿದು, ಪಕ್ಕದ ಮನೆಯ ಕೋಳಿಯ ತತ್ತಿ ಬೇಯಿಸಿ ಕಿವುಚಿ ನಾಯಿಗೆ ಹಾಕಿದಳು. ಅವ್ವ ಬೈದಳು. ಬೈಸಿಕೊಳ್ಳುತ್ತಲೇ ಹಾಕಿದಳು. ಮರಿಗಳು ಹಾಲು ಬಿಟ್ಟವು. ಸುಗ್ಗಿಯ ಹೊತ್ತಿಗೆ ನಾಯಿಯ ಪಕ್ಕೆಯಲ್ಲಿ ಮೊದಲು ನುಣ್ಣನೆಯ ನವಿರು, ಆಮೇಲೆ ಗಟ್ಟಿ ಕೂದಲು ಬಂತು.

ಈಗ ಈ ಕತೆ ಮನೆಯಲ್ಲಿ ಬೇರೆ ಬೇರೆಯಾಗಿ ಓಡಾಡುತ್ತದೆ. ಕೆಂಡದಿಂದ ದೂರ ಕಟ್ಟಿದ್ದರಿಂದ ವಾಸಿಯಾಯಿತೆಂದು ಅವ್ವನ ವಾದ. ಡಬ್ಬಿಯ ವಾಸನೆಗೇ ಹುರುಕು ಓಡಿತೆಂದು ಕಾಕಾ ಕೊನೆಯವರೆಗೂ ಹೇಳಿದರು. ಅಕ್ಕ ತನ್ನ ನುಚ್ಚನ್ನು ಬಿಟ್ಟುಕೊಡುವುದಿಲ್ಲ. ಮರಿಗಳು ಹಾಲು ಬಿಟ್ಟ ಮೇಲೆ ಕೂದಲು ತಾನಾಗಿಯೇ ಬರುತ್ತಿತ್ತೇನೋ, ನುಚ್ಚು ಬೇಗ ತಂದಿತೇನೋ. ನನಗೆ ಗೊತ್ತಿಲ್ಲ, ಗೊತ್ತಿದೆ ಎನ್ನುವವರನ್ನು ನಂಬುವುದೂ ಇಲ್ಲ. ನನ್ನ ನೆನಪಿನಲ್ಲಿ ಅಕ್ಕನ ಕೂದಲೂ ಅದೇ ಸುಗ್ಗಿಗೆ ಬಂದಿದೆ. ಹಾಗಲ್ಲ, ತಡವಾಗಿ ಬಂತು, ತೆಳ್ಳಗೇ ಬಂತು ಎನ್ನುತ್ತಾಳೆ ಅವಳು. ನೆನಪು ಜೋಡಿ ಕಟ್ಟಲು ಹವಣಿಸುತ್ತದೆ. ಅದರ ಸಾಕ್ಷಿಯನ್ನು ನಾನು ಒಪ್ಪುವುದಿಲ್ಲ.

ಒಂದನ್ನು ಮಾತ್ರ ಯಾರು ಬಂದು ಹೇಳಿದರೂ ಬಿಡುವುದಿಲ್ಲ. ಕಾಕಾ ಆ ಎಣ್ಣೆಯನ್ನೆಲ್ಲ ಬಂಡಿಯ ಅಚ್ಚಿಗೆ ಬಳಿದು ಯಲಬುರ್ಗಾದ ಸಂತೆಗೆ ಹೊರಟರು. ಗಾಲಿ ಕಿರುಗುಟ್ಟಲಿಲ್ಲ. ಬಂಡಿಯ ಕೆಳಗೆ, ಅದರ ನೆರಳು ಬಿಡದೆ, ನಾಯಿ ಹೋಗುತ್ತಿತ್ತು. ಕಪ್ಪೋ ಕಂದೋ, ಮೈತುಂಬ ಕೂದಲಿತ್ತು.