ನಡುವಿನ ಕಾಲುವೆಯ ಗೀರು

ನಮ್ಮ ಮಾಲೀಕರು ತಮ್ಮನ್ನು ಡೈ ಡಿಸೈನರ್ ಎಂದು ಕರೆದುಕೊಳ್ಳುತ್ತಿದ್ದರು. ಹಣೆಯ ಮೇಲಿನ ಅಂಗಾರವೊಂದನ್ನು ಬಿಟ್ಟರೆ ಅವರು ಒಂದು ಗೆರೆ ಎಳೆದದ್ದನ್ನು ನಾನು ಕಂಡಿಲ್ಲ.

ಐದು ಬಗೆಯ ಪ್ಲಾಸ್ಟಿಕ್ಕನ್ನು ಕರಗಿಸಿ, ಐದು ಕಾಲುವೆಗಳಲ್ಲಿ ಹರಿಸಿ, ಕೊನೆಗೆ ಒಂದೇ ಹಾಳೆಯಾಗಿ ಹೊರಗೆ ಬಿಡುವ ಉಕ್ಕಿನ ಅಚ್ಚೇ ಡೈ. ಉಪ್ಪಿನಕಾಯಿ ಪ್ಯಾಕೆಟ್ಟಿನ ಪಾರ್ಟಿಯೊಬ್ಬರು ಅಂಥದ್ದೊಂದನ್ನು ಕೇಳಿದ್ದರು. ನಡುವಿನ ಪದರ ಎಲ್ಲ ಕಡೆ ಒಂದೇ ಸಮ ಇರಬೇಕು, ಇಲ್ಲದಿದ್ದರೆ ಉಪ್ಪಿನಕಾಯಿಯ ವಾಸನೆ ಹೊರಗೆ ಬರುತ್ತದೆ. ನುಂಗಂಬಾಕ್ಕಂ ಆಫೀಸಿನಲ್ಲಿ ಕೂತು ನಾನು ಮೂರು ತಿಂಗಳು ಲೆಕ್ಕ ಹಾಕಿ ಡ್ರಾಯಿಂಗ್ ಮಾಡಿದೆ. ಮಾಲೀಕರು ಅದರ ಮೇಲೆ ಕಾಫಿ ಲೋಟ ಇಟ್ಟರು.

"ಇದೆಲ್ಲಾ ವೇಂಡಾಮ್ಮಾ, ಬೇಡ. ಮಣಲಿ ವರ್ಕ್‌ಶಾಪಲ್ಲಿ ಫಾರಿನ್ ಡೈ ಕೂತಿದೆ. ಅಳತೆ ತೊಗೊಂಡು ಹಾಗೇ ಬರಿ."

ಹಿತ್ತಲ ಗಿಡ ಮದ್ದಲ್ಲ, ನೋಡಿ.

ಆ ಹಳೇ ಡೈಯನ್ನು ಅವರು ಮುಚ್ಚಿಹೋದ ಕಾರ್ಖಾನೆಯೊಂದರಿಂದ ಕೊಂಡಿದ್ದರು. ಅಲ್ಲಿ ಇಪ್ಪತ್ತು ವರ್ಷ ಅದನ್ನು ಬಿಚ್ಚಿ ತೊಳೆದಿದ್ದ ಫಿಟ್ಟರನ್ನೂ ನಮ್ಮ ಮಣಲಿ ವರ್ಕ್‌ಶಾಪಿಗೆ ಸೇರಿಸಿಕೊಂಡಿದ್ದರು. ನಾನು ಅಳೆಯುತ್ತ ಹೋದೆ. ನಡುವಿನ ಕಾಲುವೆಯಲ್ಲಿ ಉಗುರಗಲದ ಒಂದು ಗೀರು ಸಿಕ್ಕಿತು. ಇದೇನೆಂದು ಮಾಲೀಕರನ್ನು ಕೇಳಿದರೆ, ಫಾರಿನ್ನವರು ಸುಮ್ಮನೆ ಏನನ್ನೂ ಮಾಡುವುದಿಲ್ಲ, ಗುಟ್ಟೆಲ್ಲ ಅದರಲ್ಲೇ ಇದೆ ಎಂದರು. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು! ಸರಿ, ಗೀರನ್ನೂ ಬರೆದೆ, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗಬಾರದೆಂಬ ಷರಾ ಸಮೇತ.

ಹೊಸ ಡೈ ಪಾಲಿಶ್‌ಗೆ ಬಂದಾಗ ಫಿಟ್ಟರ್ ಆ ಗೀರು ನೋಡಿ ನಕ್ಕುಬಿಟ್ಟ. ಸೀದು ಅಂಟಿದ ಪ್ಲಾಸ್ಟಿಕ್ಕನ್ನು ಉಕ್ಕಿಗೆ ಗೀರು ಬೀಳದ ಹಾಗೆ ಮೆತ್ತನೆಯ ಹಿತ್ತಾಳೆಯಿಂದಲೇ ಕೆರೆಯಬೇಕಂತೆ. ಹಳೇ ಡೈಗೆ ಅವನು ಒಂದು ದಿನ ಆತುರಕ್ಕೆ ಸ್ಕ್ರೂಡ್ರೈವರ್ ಹಾಕಿ ಜಾರಿಸಿದ್ದ, ಆ ಗೀರೇ ಇದು. ಆಮೇಲೆ ಆ ಕಾರ್ಖಾನೆಯವರು ಬರೀ ಕಸದ ಚೀಲದ ಹಾಳೆ ಓಡಿಸಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಟ್ರಯಲ್‌ಗೆ ಮುಂಚೆ ಸಾರ್‌ಗೆ ಹೇಳಿ ಸರಿಮಾಡಿಸಿಬಿಡಿ ಎಂದ. ಹೇಳುತ್ತೇನೆ ಅಂದೆ.

ಹೇಳಲಿಲ್ಲ. ಯಾಕೆ ಹೇಳಬೇಕು? ಪಾರ್ಟಿಯ ಎದುರಿಗೇ ಫಾರಿನ್ ಗುಟ್ಟು ಬಯಲಾಗಲಿ, ಈ ಮಹಾನುಭಾವರಿಗೆ ಸರಿಯಾಗಿ ಮಂಗಳಾರತಿಯಾಗಲಿ ಎಂದು ಕಾದು ಕೂತೆ.

ಟ್ರಯಲ್ ದಿನ ಹಾಳೆಯ ಉದ್ದಕ್ಕೂ ಒಂದು ದಪ್ಪ ಪಟ್ಟೆ ಬಂತು. ಪಾರ್ಟಿ ಮುಖ ಗಂಟಿಕ್ಕಿದರು. ನನಗೋ ಹಾಲು ಕುಡಿದಷ್ಟು ಸಂತೋಷ. ಆದರೆ ಕುಣಿಯಲಾರದವರಿಗೆ ನೆಲ ಡೊಂಕು. ಮಾಲೀಕರು ಫಿಟ್ಟರ್ ಕಡೆ ತಿರುಗಿ, ಪಾಲಿಶ್ ಕೆಡಿಸಿದ್ದು ಇವನೇ, ನಾಳೆಯಿಂದ ಇವನು ಬರುವುದು ಬೇಡ ಎಂದರು. ಅವನಿಗೆ ಅರವತ್ತರ ಹತ್ತಿರ. ಎಣ್ಣೂರಿನಿಂದ ಮಣಲಿಯವರೆಗೆ ಹುಡುಕಿದರೂ ಆ ವಯಸ್ಸಿನವನಿಗೆ ಇನ್ನೊಂದು ಕೆಲಸ ಸಿಗುವುದಿಲ್ಲ. ಅವನು ಮೆಲ್ಲಗೆ ತಮಿಳಿನಲ್ಲಿ ಗೀರಿನ ಕತೆ ಹೇಳಿದ. ಇದನ್ನೆಲ್ಲ ಮೇಡಂಗೆ ಅವತ್ತೇ ಹೇಳಿದ್ದೆ ಎಂದ.

ಮಾಲೀಕರು ನನ್ನತ್ತ ನೋಡಿದರು.

"ಹೇಳಿದ್ನಾಮ್ಮಾ ಇವ್ನು?"

ಹೌದೆಂದರೆ ಅವನ ಜಾಗದಲ್ಲಿ ನಾನು ಹೋಗಬೇಕಾಗಿತ್ತು.

"ಇಲ್ಲ ಸಾರ್" ಎಂದೆ.

ಫಿಟ್ಟರ್ ಕೈ ಒರೆಸಿಕೊಂಡು, ಊಟದ ಡಬ್ಬಿ ತೆಗೆದುಕೊಂಡು ಗೇಟಿನ ಕಡೆ ನಡೆದ. ಮಾಲೀಕರನ್ನು ಈಗಲೂ ಬಾಯಿತುಂಬ ಬೈಯುತ್ತೇನೆ. ಆದರೆ ಅವತ್ತು ಅವರಿಗೆ ನಿಜ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.